ಪೇಟೆಂಟ್ ಇದ್ದರೆ ಸಾಕೇ? ಹೃದಯದ ಉಪಕರಣಗಳ ಕಥೆ ಮತ್ತು ನಿಮ್ಮ ದುಡ್ಡಿನ ಲೆಕ್ಕ



ಕಳೆದ ಒಂದು ತಿಂಗಳಿಂದ ನಮ್ಮ ಕನ್ನಡ ಗ್ರೂಪುಗಳಲ್ಲಿ ಒಂದು ವಿಡಿಯೊ ಸುತ್ತುತ್ತಿದೆ. ಕೈಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ದಿನಕ್ಕೆ ಅರ್ಧ ಗಂಟೆ ಕಟ್ಟಿಕೊಂಡರೆ 45 ದಿನದಲ್ಲಿ ಹೃದಯದ ಬ್ಲಾಕೇಜ್ ಕರಗುತ್ತದಂತೆ. ಬೆಲೆ 18 ಸಾವಿರ. ಕೆಳಗೆ ದಪ್ಪ ಅಕ್ಷರದಲ್ಲಿ "ಪೇಟೆಂಟ್ ಪಡೆದ ತಂತ್ರಜ್ಞಾನ" ಎಂದು ಬರೆದಿದೆ. ಅದನ್ನು ನನಗೆ ಕಳಿಸಿದವರೆಲ್ಲ ಕೇಳಿದ ಪ್ರಶ್ನೆ ಒಂದೇ: "ಡಾಕ್ಟ್ರೇ, ಪೇಟೆಂಟ್ ಇದೆಯಲ್ಲ, ಸರ್ಕಾರ ಸುಮ್ಮನೆ ಕೊಡುತ್ತದಾ?"

ಪ್ರಶ್ನೆ ಚೆನ್ನಾಗಿದೆ. ಒಂದೊಂದೇ ಸಾಲಿನ ಉತ್ತರ ಕೊಡುವ ಬದಲು ಈ ವಾರದ ಲೇಖನವನ್ನೇ ಇದಕ್ಕೆ ಮೀಸಲಿಡುತ್ತೇನೆ. ಪೇಟೆಂಟ್ ಪಡೆದ ಉಪಕರಣಗಳಿಂದ ಜಗತ್ತಿನಲ್ಲಿ ಲಕ್ಷಾಂತರ ಜೀವ ಉಳಿದಿವೆ. ಅದೇ "ಪೇಟೆಂಟ್" ಎಂಬ ಪದ ತೋರಿಸಿ ಜನರ ಜೇಬಿಗೆ ಕತ್ತರಿ ಹಾಕುವವರೂ ಇದ್ದಾರೆ. ಎರಡನ್ನೂ ತಿಳಿದುಕೊಳ್ಳೋಣ. ಸ್ವಲ್ಪ ಉದ್ದವಿದೆ, ಬಿಡುವು ಮಾಡಿಕೊಂಡು ಓದಿ.

*1. ಪೇಟೆಂಟ್ ಅಂದರೆ ಏನು, ಏನಲ್ಲ?*

ಪೇಟೆಂಟ್ ಅಂದರೆ ಒಂದು ಹೊಸ ಉಪಾಯದ ಮೇಲೆ ಅದನ್ನು ಕಂಡುಹಿಡಿದವರಿಗೆ ಸಿಗುವ ಒಡೆತನದ ಹಕ್ಕು. ಭಾರತದಲ್ಲಿ ಇದಕ್ಕೆ 1970ರ ಪೇಟೆಂಟ್ ಕಾಯ್ದೆ ಇದೆ. ಅರ್ಜಿ ಹಾಕಿದ ದಿನದಿಂದ 20 ವರ್ಷ ಆ ಹಕ್ಕು ಇರುತ್ತದೆ. ಆ ಅವಧಿಯಲ್ಲಿ ಅವರ ಅನುಮತಿ ಇಲ್ಲದೆ ಬೇರೆಯವರು ಅದನ್ನು ತಯಾರಿಸಿ ಮಾರುವಂತಿಲ್ಲ.

ಪೇಟೆಂಟ್ ಕಚೇರಿ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಇದು ಹೊಸದೇ? ಆ ಕ್ಷೇತ್ರದವರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲ ತಾನೇ? ಇದನ್ನು ತಯಾರಿಸಿ ಬಳಸಲು ಬರುತ್ತದೆಯೇ? ಅಷ್ಟೇ. ಇದರಿಂದ ರೋಗಿಗೆ ಗುಣವಾಗುತ್ತದೆಯೇ, ಅಪಾಯ ಇದೆಯೇ ಎಂದು ಪೇಟೆಂಟ್ ಕಚೇರಿ ಯಾವ ರೋಗಿಯ ಮೇಲೂ ಪರೀಕ್ಷೆ ಮಾಡುವುದಿಲ್ಲ. ಅದು ಅದರ ಕೆಲಸವೇ ಅಲ್ಲ.

ಮನೆ ಕಟ್ಟಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸೈಟಿನ ಖಾತೆ ನಿಮ್ಮ ಹೆಸರಿನಲ್ಲಿದೆ ಎಂದರೆ ಜಾಗ ನಿಮ್ಮದು. ಅದರ ಮೇಲೆ ಕಟ್ಟಿದ ಮನೆ ಗಟ್ಟಿಯಾಗಿದೆಯೋ ಇಲ್ಲವೋ ಎನ್ನುವುದನ್ನು ಖಾತೆ ಪತ್ರ ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ಎಂಜಿನಿಯರ್.

ವೈದ್ಯಕೀಯ ಉಪಕರಣದ ವಿಷಯದಲ್ಲಿ ಆ ಎಂಜಿನಿಯರ್ ಜಾಗದಲ್ಲಿ ಇರುವುದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ. 2017ರ ವೈದ್ಯಕೀಯ ಉಪಕರಣ ನಿಯಮಗಳ ಪ್ರಕಾರ ಉಪಕರಣಗಳನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಥರ್ಮಾಮೀಟರಿನಂಥವು ಕಡಿಮೆ ಅಪಾಯದ ಕಡೆ, ಹೃದಯದ ಕವಾಟದಂಥವು ಡಿ ವರ್ಗದಲ್ಲಿ. ಹಾಗಾಗಿ ಯಾರಾದರೂ "ಪೇಟೆಂಟ್ ಇದೆ" ಎಂದರೆ ನೀವು ಕೇಳಬೇಕಾದ ಮುಂದಿನ ಪ್ರಶ್ನೆ: "ಲೈಸೆನ್ಸ್ ಇದೆಯೇ? ರೋಗಿಗಳ ಮೇಲೆ ಪರೀಕ್ಷೆ ಆಗಿದೆಯೇ?"

*2. ಪೇಸ್‌ಮೇಕರ್: ಹೆಂಡತಿಯ ಹಟ, ಎಂಜಿನಿಯರನ ತಪ್ಪು ಬಿಡಿಭಾಗ*

ಒಳ್ಳೆಯ ಆವಿಷ್ಕಾರ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಪೇಸ್‌ಮೇಕರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿ ಇದ್ದರು. ಅವರ ಹೃದಯ ಆಗಾಗ ಬಡಿತ ನಿಲ್ಲಿಸಿಬಿಡುತ್ತಿತ್ತು, ದಿನಕ್ಕೆ ಹತ್ತಾರು ಬಾರಿ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸೆ-ಮರೀ ಸುಮ್ಮನೆ ಕೂರಲಿಲ್ಲ. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿದ್ದರು. ಮನುಷ್ಯರಿಗೆ ಹಾಕುವಷ್ಟು ಕೆಲಸ ಮುಗಿದಿಲ್ಲ ಎಂದು ಅವರು ಹೇಳಿದರೂ ಬಿಡಲಿಲ್ಲ. ಎಲ್ಮ್‌ಕ್ವಿಸ್ಟ್ ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಬಳಸಿ ಒಂದು ಪೇಸ್‌ಮೇಕರ್ ಎರಕ ಹೊಯ್ದರು. 1958ರ ಅಕ್ಟೋಬರ್ 8ರಂದು ಅದನ್ನು ಲಾರ್ಸನ್ ದೇಹದೊಳಗೆ ಇಟ್ಟರು. ಮೊದಲನೆಯದು ಕೆಲವೇ ಗಂಟೆ ನಡೆಯಿತು, ಇನ್ನೊಂದನ್ನು ಹಾಕಿದರು. ಮುಂದೆ ಆ ಮನುಷ್ಯನಿಗೆ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿದರು. 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಆ ಎಂಜಿನಿಯರ್ ಮತ್ತು ಆ ಸರ್ಜನ್ ಇಬ್ಬರೂ ಅವರಿಗಿಂತ ಮೊದಲೇ ಹೋಗಿಬಿಟ್ಟಿದ್ದರು!

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಬಫಲೋದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಂಜಿನಿಯರ್ ಹೃದಯದ ಸದ್ದು ದಾಖಲಿಸುವ ಯಂತ್ರ ಕಟ್ಟುತ್ತಿದ್ದರು. ಡಬ್ಬಿಯಿಂದ ರೆಸಿಸ್ಟರ್ ತೆಗೆಯುವಾಗ ಕೈಗೆ ಬೇರೆಯದೇ ಬಂತು. ಜೋಡಿಸಿ ನೋಡಿದರೆ ಸರ್ಕ್ಯೂಟ್ ಒಂದು ಕ್ಷಣ ಮಿಡಿದು, ಸುಮಾರು ಒಂದು ಸೆಕೆಂಡ್ ಸುಮ್ಮನಿದ್ದು, ಮತ್ತೆ ಮಿಡಿಯತೊಡಗಿತು. ಇದು ಹೃದಯದ ಲಯವಲ್ಲವೇ ಎಂದು ಅವರಿಗೆ ಹೊಳೆಯಿತು. ಕೆಲಸ ಬಿಟ್ಟು, 2,000 ಡಾಲರ್ ಉಳಿತಾಯ ಹಾಕಿ, ಮನೆ ಹಿಂದಿನ ಕೊಟ್ಟಿಗೆಯಲ್ಲಿ ಕೂತು ಪೇಸ್‌ಮೇಕರ್ ಕಟ್ಟಿದರು. ಸರ್ಜನ್ ವಿಲಿಯಂ ಚಾರ್ಡಾಕ್ ಜೊತೆಗಿದ್ದರು. 1960ರಲ್ಲಿ ರೋಗಿಗಳಿಗೆ ಹಾಕಲು ಶುರು ಮಾಡಿದರು, 1962ರಲ್ಲಿ ಪೇಟೆಂಟ್ ಬಂತು. ಅಂದಿನ ಬ್ಯಾಟರಿ ಸುಮಾರು ಎರಡೇ ವರ್ಷ ಬರುತ್ತಿದ್ದುದರಿಂದ ಅವರು ಮುಂದೆ ಲಿಥಿಯಂ ಬ್ಯಾಟರಿಯ ಹಿಂದೆ ಬಿದ್ದರು. ಇಂದು ಪೇಸ್‌ಮೇಕರ್ ಹತ್ತಿರ ಹತ್ತಿರ 8ರಿಂದ 12 ವರ್ಷ ಬಾಳುತ್ತದೆ.

ಗಮನಿಸಿ, ಇಲ್ಲಿ ಪೇಟೆಂಟ್ ಬಂದದ್ದು ನಾಯಿಗಳ ಮೇಲೆ ಪರೀಕ್ಷೆಯಾಗಿ, ರೋಗಿಗಳಲ್ಲಿ ಕೆಲಸ ಮಾಡಿದ ಮೇಲೆ.

ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಇಷ್ಟು ನೆನಪಿರಲಿ:

• ಪೇಸ್‌ಮೇಕರ್ ಕಾರ್ಡ್ ಯಾವಾಗಲೂ ಪರ್ಸಿನಲ್ಲಿರಲಿ. ಒಂದು ಫೋಟೊ ಮಕ್ಕಳ ಮೊಬೈಲಿನಲ್ಲೂ ಇರಲಿ. ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ಮುಂಚೆ ತೋರಿಸಿ.
• ಮೊಬೈಲನ್ನು ಪೇಸ್‌ಮೇಕರ್ ಇರುವ ಕಡೆಯ ಅಂಗಿ ಜೇಬಿನಲ್ಲಿ ಇಡಬೇಡಿ. ಆ ಬದಿಯ ಕಿವಿಗೂ ಹಿಡಿಯಬೇಡಿ. ಒಂದು ಗೇಣು ದೂರ ಸಾಕು.
• ಇಂಡಕ್ಷನ್ ಒಲೆ ಇದ್ದರೆ ಎರಡು ಅಡಿ ದೂರ ನಿಂತು ಅಡುಗೆ ಮಾಡಿ. ಮಿಕ್ಸರ್, ಟಿವಿ, ಫ್ರಿಜ್ ಬಗ್ಗೆ ಭಯ ಬೇಡ.
• ಎಂಆರ್‌ಐ ಮಾಡಿಸುವ ಮೊದಲು ಕಡ್ಡಾಯವಾಗಿ ಹೇಳಿ.
• ಹೇಳಲು ಕಷ್ಟವಾದ, ಆದರೆ ಹೇಳಲೇಬೇಕಾದ ಮಾತು: ವ್ಯಕ್ತಿ ತೀರಿಕೊಂಡರೆ ದಹನಕ್ಕೆ ಮೊದಲು ಪೇಸ್‌ಮೇಕರ್ ತೆಗೆಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ದುಃಖದ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ, ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಈಗಲೇ ಗೊತ್ತಿರಲಿ.

*3. ಹೋಲ್ಟರ್: 38 ಕೆ.ಜಿ.ಯಿಂದ ಬೆಂಕಿಪೊಟ್ಟಣದವರೆಗೆ*

24 ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ನಿಮ್ಮಲ್ಲಿ ಹಲವರು ಹಾಕಿಸಿಕೊಂಡಿರುತ್ತೀರಿ. ಇದನ್ನು ಕಂಡುಹಿಡಿದ ನಾರ್ಮನ್ ಹೋಲ್ಟರ್ ಅಮೆರಿಕದ ಮೊಂಟಾನಾದವರು. 1940ರ ದಶಕದ ಕೊನೆಯಲ್ಲಿ ಅವರ ಮೊದಲ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು, ತೂಕ ಸುಮಾರು 38 ಕೆ.ಜಿ. ಅಂದರೆ ಒಂದು ಅಕ್ಕಿ ಮೂಟೆ ಹೊತ್ತುಕೊಂಡು ಇಸಿಜಿ ಮಾಡಿಸಿಕೊಂಡ ಹಾಗೆ! ಟ್ರಾನ್ಸಿಸ್ಟರ್ ಬಂದ ಮೇಲೆ ಅದು ಕುಗ್ಗಿತು, 1960ರ ದಶಕದಲ್ಲಿ ಪೇಟೆಂಟ್ ಆಯಿತು. ಇಂದು ಬೆಂಕಿಪೊಟ್ಟಣದಷ್ಟಿದೆ.

*4. ಸ್ಟೆಂಟ್: ಗಾರೆ ಕೆಲಸದ ಜಾಲರಿ*

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂಂಟ್ಸಿಗ್ ಮೊದಲ ಬಾರಿಗೆ ಬಲೂನಿನಿಂದ ಹೃದಯದ ರಕ್ತನಾಳ ಹಿಗ್ಗಿಸಿದರು. ಆ ಬಲೂನುಗಳನ್ನು ಅವರು ಮೊದಮೊದಲು ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಕೂತು ತಯಾರಿಸಿದ್ದರು. ಆದರೆ ಬಲೂನ್ ಹೊರತೆಗೆದ ಮೇಲೆ ಕೆಲವರ ನಾಳ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಮರುವರ್ಷ ಗ್ರೂಂಟ್ಸಿಗ್ ಅವರ ಭಾಷಣ ಕೇಳಿದವರಲ್ಲಿ ಅರ್ಜೆಂಟೀನಾದಿಂದ ಅಮೆರಿಕಕ್ಕೆ ಬಂದಿದ್ದ ರೇಡಿಯಾಲಜಿಸ್ಟ್ ಹೂಲಿಯೊ ಪಾಲ್ಮಾಜ್ ಒಬ್ಬರು. ಒಳಗಿನಿಂದ ಏನಾದರೂ ಆಸರೆ ಕೊಟ್ಟರೆ ನಾಳ ಮುಚ್ಚದು ಎಂಬ ಯೋಚನೆ ಅವರ ತಲೆ ಹೊಕ್ಕಿತು. ಗಾರೆ ಕೆಲಸದವರು ಬಿಟ್ಟುಹೋದ ಲೋಹದ ಜಾಲರಿಯ ತುಂಡು ಅವರಿಗೆ ದಾರಿ ತೋರಿಸಿತು. ಸೀಳುಗಳಿರುವ ತಗಡನ್ನು ಎಳೆದರೆ ಜಾಲರಿಯಾಗಿ ಹಿಗ್ಗುತ್ತದೆ, ಹಿಗ್ಗಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಇದಕ್ಕೆ ದುಡ್ಡು ಹಾಕಿದವರು ಯಾರು ಗೊತ್ತೇ? ಫಿಲ್ ರೊಮಾನೊ ಎಂಬ ಹೋಟೆಲ್ ಉದ್ಯಮಿ, 2,50,000 ಡಾಲರ್. ಮುಂಬೈ, ಪುಣೆಯಲ್ಲಿ ಹೋಟೆಲ್ ನಡೆಸುವ ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಇದು ಖುಷಿ ಕೊಡುವ ಸಂಗತಿ! 1988ರಲ್ಲಿ ಪೇಟೆಂಟ್ ಸಿಕ್ಕಿತು. 1994ರಲ್ಲಿ ಅಮೆರಿಕದ ಎಫ್‌ಡಿಎ ಹೃದಯದ ನಾಳಕ್ಕೆ ಬಳಸಲು ಒಪ್ಪಿಗೆ ಕೊಟ್ಟಿತು. ಪೇಟೆಂಟಿಗೂ ಒಪ್ಪಿಗೆಗೂ ನಡುವೆ 6 ವರ್ಷ. ಆ ವರ್ಷಗಳು ರೋಗಿಗಳ ಮೇಲಿನ ಪರೀಕ್ಷೆಗೆ ಬೇಕಾದವು.

ಬೆಲೆಯ ವಿಷಯ. ನಮ್ಮ ದೇಶದಲ್ಲಿ ಒಂದು ಸ್ಟೆಂಟಿಗೆ ಲಕ್ಷ ದಾಟಿದ್ದ ಕಾಲವಿತ್ತು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿತು: ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಜೊತೆಗೆ ತೆರಿಗೆ. ಆಮೇಲೆ ಆ ಮಿತಿ ಕಾಲಕಾಲಕ್ಕೆ ಪರಿಷ್ಕರಣೆಯಾಗಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಕಂಪನಿ, ಬೆಲೆ ಬೇರೆಯಾಗಿ ಬರೆದಿರಬೇಕು. ಅದನ್ನು ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಇನ್ನೊಂದು ಮುಖ್ಯ ಕಥೆ ಇದೆ. ಕೆಲವು ವರ್ಷದಲ್ಲಿ ತಾನೇ ಕರಗಿಹೋಗುವ "ಅಬ್ಸಾರ್ಬ್" ಎಂಬ ಸ್ಟೆಂಟ್ ಬಂದಿತ್ತು. ಪೇಟೆಂಟ್ ಇತ್ತು, 2016ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಕೇಳಲು ಎಷ್ಟು ಚಂದ, ಮೈಯಲ್ಲಿ ಲೋಹವೇ ಇರುವುದಿಲ್ಲ! ಆದರೆ ದೀರ್ಘಕಾಲದ ಅಧ್ಯಯನದಲ್ಲಿ ಅದರೊಳಗೆ ರಕ್ತ ಹೆಪ್ಪುಗಟ್ಟುವುದು ಲೋಹದ ಸ್ಟೆಂಟಿಗಿಂತ ಹೆಚ್ಚು ಎಂದು ಗೊತ್ತಾಯಿತು. 2017ರ ಸೆಪ್ಟೆಂಬರಿನಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಹೊಸದು, ದುಬಾರಿ, ಪೇಟೆಂಟ್ ಇರುವುದು ಎಂದರೆ ಹಳೆಯದಕ್ಕಿಂತ ಒಳ್ಳೆಯದು ಎಂದೇನೂ ಅಲ್ಲ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದೇ ಮಾತು: ರಕ್ತ ತೆಳು ಮಾಡುವ ಮಾತ್ರೆಯನ್ನು ನಿಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಹಲ್ಲು ಕೀಳಿಸಬೇಕೆಂದರೂ ಮೊದಲು ಒಂದು ಫೋನ್ ಮಾಡಿ.

*5. ಚಿತ್ರಾ ವಾಲ್ವ್: ನಮ್ಮದೇ ಹೆಮ್ಮೆ*

ಗಂಟಲು ನೋವು, ಕೀಲು ನೋವಿನ ಜ್ವರದಿಂದ ಹೃದಯದ ಕವಾಟ ಕೆಡುವುದು ನಮ್ಮ ದೇಶದ ಬಡ ಮಕ್ಕಳ ಕಾಯಿಲೆ. ಹೊರದೇಶದ ಕವಾಟ ಕೊಳ್ಳಲು ಅವರಿಗೆ ಶಕ್ತಿ ಇರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ನಮ್ಮದೇ ಕವಾಟ ಮಾಡಲು ಹೊರಟಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಚೆನ್ನೈ ಮೂಲದ ಟಿಟಿಕೆ ಸಮೂಹ ಅದನ್ನು ತಯಾರಿಸಿತು. ಇವತ್ತಿಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಆ ಕವಾಟ ಟಿಕ್ ಟಿಕ್ ಎಂದಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಕೊನೆಯವರೆಗೂ ಮಣಿಪಾಲದಲ್ಲೇ ಇದ್ದರು. 2024ರ ಜುಲೈನಲ್ಲಿ ಅಲ್ಲಿಯೇ ತೀರಿಕೊಂಡರು.

ಲೋಹದ ಕವಾಟ ಇರುವವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು, ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಊರಿಂದ ಊರಿಗೆ ವರ್ಗವಾದಾಗ ಈ ಪರೀಕ್ಷೆಯೇ ಮೊದಲು ತಪ್ಪಿಹೋಗುತ್ತದೆ. ಹೊಸ ಊರಿಗೆ ಬಂದ ಮೊದಲ ವಾರದಲ್ಲೇ ಲ್ಯಾಬ್ ಹುಡುಕಿಕೊಳ್ಳಿ.

*6. ಪಲ್ಸ್ ಆಕ್ಸಿಮೀಟರ್: ಒಳ್ಳೆಯ ಯಂತ್ರ, ತಪ್ಪು ಪ್ರಶ್ನೆ*

ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿನ ಯಂತ್ರ. ಇದರ ಮೂಲ ತತ್ವ ಕಂಡುಹಿಡಿದವರು ಜಪಾನಿನ ಟಾಕುವೊ ಅಯೋಯಾಗಿ. ಅವರು ಬೇರೇನನ್ನೋ ಅಳೆಯಲು ಹೊರಟಿದ್ದರು, ನಾಡಿ ಬಡಿತ ಅಡ್ಡ ಬರುತ್ತಿತ್ತು. ಆ ಅಡಚಣೆಯನ್ನೇ ಬಳಸಿಕೊಂಡು ರಕ್ತದ ಆಮ್ಲಜನಕ ಅಳೆಯಬಹುದು ಎಂದು ಅವರಿಗೆ ಹೊಳೆಯಿತು. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೆರಳಿನಲ್ಲಿ ಎಷ್ಟೆಷ್ಟು ಹೀರಿಕೆಯಾಗುತ್ತದೆ ಎಂಬ ಲೆಕ್ಕ ಅದು. 1974ರಲ್ಲಿ ಅವರ ಕಂಪನಿ ಪೇಟೆಂಟಿಗೆ ಅರ್ಜಿ ಹಾಕಿತು. 2020ರ ಏಪ್ರಿಲಿನಲ್ಲಿ, ಇಡೀ ಜಗತ್ತು ಅವರ ಯಂತ್ರ ಹುಡುಕುತ್ತಿದ್ದಾಗಲೇ, ಅವರು ತೀರಿಕೊಂಡರು.

ಈಗ ನಾನು ನೋಡಿದ ಒಂದು ಪ್ರಸಂಗ ಕೇಳಿ. ಉತ್ತರ ಕರ್ನಾಟಕದ ಒಂದು ಹಳ್ಳಿಯ ತಾಯಿ, ವಯಸ್ಸು ಅರವತ್ತೈದು ದಾಟಿದೆ. ಮಗನಿಗೆ ಪಿಂಪ್ರಿ ಕಡೆ ಕೆಲಸ. ಬೆಳಿಗ್ಗೆ ಐದಕ್ಕೆ ಫೋನ್. "ಎದಿ ಹಿಡದಂಗ ಆಗೇತಿ, ಬೆವರ ಬರಾಕತ್ತೇತಿ." ಮಗ ಅಕ್ಕರೆಯಿಂದಲೇ ಹೇಳಿದ: "ಅವ್ವಾ, ಬಟ್ಟಿಗೆ ಮಷಿನ್ ಹಾಕ್ಕೊಂಡ್ ನೋಡು, ಎಷ್ಟ್ ಬಂತು?" ತೊಂಬತ್ತೆಂಟು ಬಂತು. "ಹಂಗಾರ ಕಾಳಜಿ ಇಲ್ಲ, ಗ್ಯಾಸ್ ಇರಬೇಕು, ಜೀರಗಿ ನೀರು ಕುಡಿದು ಮಲಗು." ಆಸ್ಪತ್ರೆ ಮುಟ್ಟುವಾಗ ಐದು ತಾಸು ಕಳೆದಿತ್ತು. ಅದು ದೊಡ್ಡ ಹೃದಯಾಘಾತ. ಜೀವ ಉಳಿಯಿತು. ಆದರೆ ಹೃದಯದ ಪಂಪ್ ಮಾಡುವ ಶಕ್ತಿ ಅರ್ಧದಷ್ಟೇ ಉಳಿದಿದೆ. ಮೊದಲು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದವರು ಈಗ ಮಗನ ಮನೆಯಲ್ಲಿ ಒಂದು ಮಹಡಿ ಹತ್ತಲು ಎರಡು ಸಲ ಕೂರುತ್ತಾರೆ.

ಯಂತ್ರದ ತಪ್ಪಿಲ್ಲ, ಮಗನ ಪ್ರೀತಿಯಲ್ಲೂ ಕೊರತೆ ಇಲ್ಲ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮಾತ್ರ. ಹೃದಯದ ನಾಳ ಮುಚ್ಚಿದೆಯೇ ಎಂದು ಅದಕ್ಕೆ ಗೊತ್ತಾಗುವುದೇ ಇಲ್ಲ. *ಹೃದಯಾಘಾತವಾಗುತ್ತಿರುವಾಗಲೂ 98 ತೋರಿಸಬಹುದು.* ದಯವಿಟ್ಟು ಈ ಒಂದು ವಾಕ್ಯವನ್ನು ಮನೆಯವರಿಗೆಲ್ಲ ಹೇಳಿ.

ಉಗುರಿನ ಬಣ್ಣ, ತಣ್ಣಗಿನ ಬೆರಳು ಇದ್ದರೂ ಅಳತೆ ತಪ್ಪುತ್ತದೆ. ಚರ್ಮ ಗಾಢ ಬಣ್ಣದ್ದಾಗಿದ್ದರೆ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯೂ ಇದೆ.

*7. ಕೈಗಡಿಯಾರದ ಇಸಿಜಿ*

ಮಕ್ಕಳು ಅಪ್ಪನಿಗೆ ಸ್ಮಾರ್ಟ್ ವಾಚ್ ಕೊಡಿಸುವುದು ಈಗ ಸಾಮಾನ್ಯ. 2018ರಲ್ಲಿ ಆಪಲ್ ವಾಚಿನ ಇಸಿಜಿಗೆ ಎಫ್‌ಡಿಎ ಅನುಮತಿ ಸಿಕ್ಕಿತು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯ ತಪ್ಪಿದ ಬಡಿತವನ್ನು ಅದು ಹಿಡಿಯಬಲ್ಲದು, ಅದರಿಂದ ಪಾರ್ಶ್ವವಾಯು ತಪ್ಪಿಸಲು ಸಹಾಯವೂ ಆಗಬಹುದು. ಆದರೆ ಆಸ್ಪತ್ರೆಯ ಇಸಿಜಿ ಹೃದಯವನ್ನು 12 ದಿಕ್ಕಿನಿಂದ ನೋಡಿದರೆ ವಾಚು ಒಂದೇ ದಿಕ್ಕಿನಿಂದ ನೋಡುತ್ತದೆ. ಹೃದಯಾಘಾತವನ್ನು ವಾಚು ಪತ್ತೆ ಮಾಡುವುದಿಲ್ಲ ಎಂದು ಕಂಪನಿಯೇ ಹೇಳುತ್ತದೆ. ವಾಚು "ನಾರ್ಮಲ್" ಎಂದರೂ ಎದೆ ನೋವಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

*8. ಆರೈಕೆ ಮಾಡುವವರು ಕಂಡುಹಿಡಿದದ್ದು*

ಕಷ್ಟ ಅನುಭವಿಸಿದವರೇ ಅದಕ್ಕೆ ಉಪಾಯ ಹುಡುಕಿದ ಉದಾಹರಣೆ ಬೇಕಾದಷ್ಟಿವೆ. ಅಮೆರಿಕದ ಹರ್ಬರ್ಟ್ ಎವರೆಸ್ಟ್ ಗಣಿ ಎಂಜಿನಿಯರ್, ಅಪಘಾತದಲ್ಲಿ ಕಾಲಿನ ಬಲ ಹೋಯಿತು. ಅಂದಿನ ಗಾಲಿಕುರ್ಚಿಗಳು ಭಾರ, ಕಾರಿನಲ್ಲಿ ಹಿಡಿಯುತ್ತಿರಲಿಲ್ಲ. ಅವರು ತಮ್ಮ ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರಲ್ಲಿ ಮಡಚುವ ಗಾಲಿಕುರ್ಚಿ ಮಾಡಿದರು, 1937ರಲ್ಲಿ ಪೇಟೆಂಟ್ ಪಡೆದರು. ಇಂದು ರೈಲ್ವೆ ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ ಕಾಣುವ ಮಡಚುವ ಗಾಲಿಕುರ್ಚಿಗಳ ಮೂಲ ಅದೇ. ನ್ಯೂಯಾರ್ಕಿನ ಕೆನೆತ್ ಶಿನೋಜುಕಾ ಎಂಬ ಹುಡುಗನ ಅಜ್ಜನಿಗೆ ಮರೆವಿನ ಕಾಯಿಲೆ, ರಾತ್ರಿ ಎದ್ದು ಎಲ್ಲೆಲ್ಲೋ ನಡೆದುಬಿಡುತ್ತಿದ್ದರು. ಹುಡುಗ ಕಾಲುಚೀಲಕ್ಕೆ ಒಂದು ಸಂವೇದಕ ಅಂಟಿಸಿದ. ಅಜ್ಜ ಕಾಲು ನೆಲಕ್ಕೆ ಊರಿದ ತಕ್ಷಣ ನೋಡಿಕೊಳ್ಳುವವರ ಮೊಬೈಲಿಗೆ ಸೂಚನೆ ಹೋಗುತ್ತಿತ್ತು. 2014ರಲ್ಲಿ ಇದಕ್ಕೆ ಪ್ರಶಸ್ತಿ ಬಂದಾಗ ಅವನಿಗೆ ಕೇವಲ 15 ವರ್ಷ.

ಮನೆಗೆ ಒಂದೇ ಉಪಕರಣ ಕೊಳ್ಳುವುದಾದರೆ ನನ್ನ ಸಲಹೆ: ತೋಳಿಗೆ ಕಟ್ಟುವ ಬಿ.ಪಿ. ಮಷಿನ್. ಮಣಿಕಟ್ಟಿನದ್ದು ಬೇಡ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ಎರಡು ಸಲ ನೋಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ವೈದ್ಯರನ್ನು ಕಾಣಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

*9. ಪೇಟೆಂಟ್ ಮುಗಿದಾಗ ನಿಮಗೆ ಲಾಭ*

20 ವರ್ಷ ಮುಗಿದ ಮೇಲೆ ಬೇರೆ ಕಂಪನಿಗಳೂ ಅದೇ ಔಷಧ ತಯಾರಿಸಬಹುದು, ಬೆಲೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಮತ್ತು ಹೃದಯ ವೈಫಲ್ಯಕ್ಕೆ ಕೊಡುವ ಎಂಪಾಗ್ಲಿಫ್ಲೋಜಿನ್ ಮಾತ್ರೆಯ ಪೇಟೆಂಟ್ ನಮ್ಮಲ್ಲಿ 2025ರ ಮಾರ್ಚಿನಲ್ಲಿ ಮುಗಿಯಿತು. ಒಂದು ಮಾತ್ರೆಗೆ ಸುಮಾರು 60 ರೂಪಾಯಿ ಇದ್ದದ್ದು ಕೆಲವು ಬ್ರಾಂಡುಗಳಲ್ಲಿ 10 ರೂಪಾಯಿಗಿಂತ ಕೆಳಗಿಳಿಯಿತು. ಡಾಪಾಗ್ಲಿಫ್ಲೋಜಿನ್ ಇದಕ್ಕೂ ಮೊದಲೇ, 2020ರಲ್ಲಿ ಅಗ್ಗವಾಗಿತ್ತು. ನಿಮ್ಮ ಅಪ್ಪ ಅಮ್ಮನ ಚೀಟಿ ಎರಡು ಮೂರು ವರ್ಷ ಹಳೆಯದಾಗಿದ್ದರೆ ವೈದ್ಯರನ್ನು ಕೇಳಿ: "ಇದರಲ್ಲಿ ಯಾವುದಕ್ಕಾದರೂ ಈಗ ಕಡಿಮೆ ಬೆಲೆಯದು ಬಂದಿದೆಯೇ?" ನೀವೇ ಬದಲಾಯಿಸಬೇಡಿ, ಕೇಳಿ ಬದಲಾಯಿಸಿ. ದುಡ್ಡು ಸಾಲದೆ ಮಾತ್ರೆ ಬಿಡುವುದಕ್ಕಿಂತ ಅಗ್ಗದ ಬ್ರಾಂಡಿಗೆ ಬದಲಾಗುವುದು ಎಷ್ಟೋ ವಾಸಿ.

ಹಕ್ಕನ್ನು ಬಿಟ್ಟುಕೊಟ್ಟವರನ್ನೂ ನೆನೆಯೋಣ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ಮಾಡಿದ ಮೂರು ಬಿಂದುವಿನ ಸೀಟ್ ಬೆಲ್ಟಿನ ಪೇಟೆಂಟನ್ನು ಕಂಪನಿ ಎಲ್ಲರಿಗೂ ತೆರೆದಿಟ್ಟಿತು. ಹಬ್ಬಕ್ಕೆ ಕಾರಿನಲ್ಲಿ ಊರಿಗೆ ಹೊರಡುವಾಗ ಹಿಂದಿನ ಸೀಟಿನಲ್ಲಿ ಕೂತ ಅಜ್ಜ ಅಜ್ಜಿಗೂ ಅದನ್ನು ಹಾಕಿಸಿ.

*10. ಜಾಹೀರಾತು ಬಂದರೆ ಹೀಗೆ ಪರೀಕ್ಷಿಸಿ*

ಅಮೆರಿಕದ ಥೆರಾನೋಸ್ ಕಂಪನಿ ಬೆರಳಿನ ಒಂದೆರಡು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಎಂದಿತು. ಅದರ ಬಳಿ ರಾಶಿ ಪೇಟೆಂಟ್ ಇದ್ದವು. ಯಂತ್ರ ಮಾತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ್ದಕ್ಕೆ 2022ರಲ್ಲಿ ತಪ್ಪಿತಸ್ಥೆ ಎಂದು ತೀರ್ಪಾಯಿತು. ಅಷ್ಟು ದೊಡ್ಡ ದೊಡ್ಡವರೇ ಮೋಸ ಹೋಗಿದ್ದಾರೆ. ಆದ್ದರಿಂದ:

• "ಪೇಟೆಂಟ್ ಅರ್ಜಿ ಹಾಕಿದೆ" ಎಂಬುದಕ್ಕೂ "ಪೇಟೆಂಟ್ ಸಿಕ್ಕಿದೆ" ಎಂಬುದಕ್ಕೂ ವ್ಯತ್ಯಾಸ ಇದೆ. ಅರ್ಜಿಯನ್ನು ಯಾರು ಬೇಕಾದರೂ ಹಾಕಬಹುದು.
• ಪೇಟೆಂಟ್ ಸಂಖ್ಯೆ ಕೇಳಿ. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಅದನ್ನು ಉಚಿತವಾಗಿ ಹುಡುಕಬಹುದು. ಎಷ್ಟೋ ಸಲ ಆ ಪೇಟೆಂಟ್ ಪಟ್ಟಿಯ ಗುಂಡಿಗೋ ಬ್ಯಾಟರಿ ಜೋಡಣೆಗೋ ಇರುತ್ತದೆ, ಕಾಯಿಲೆ ಗುಣಪಡಿಸುವುದಕ್ಕಲ್ಲ. ನಮ್ಮ ಕಾಯ್ದೆಯಲ್ಲಿ ಚಿಕಿತ್ಸಾ ವಿಧಾನಕ್ಕೆ ಪೇಟೆಂಟ್ ಕೊಡುವುದೇ ಇಲ್ಲ.
• ಸಿಡಿಎಸ್‌ಸಿಒ ಲೈಸೆನ್ಸ್ ಸಂಖ್ಯೆ ಕೇಳಿ.
• "ಬ್ಲಾಕೇಜ್ ಕರಗುತ್ತದೆ, ಆಪರೇಷನ್ ಬೇಡ, ಮಾತ್ರೆ ಬಿಡಿ" ಎಂದರೆ ಅಲ್ಲಿಗೇ ನಿಲ್ಲಿಸಿ. ಹೃದ್ರೋಗ, ಬಿ.ಪಿ., ಮಧುಮೇಹ ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.
• ಕಾಲಿಗೆ ಪಟ್ಟಿ ಕಟ್ಟಿ ಒತ್ತುವ ಇಇಸಿಪಿ ನಿಜವಾದ ಚಿಕಿತ್ಸೆ. ಆದರೆ ಆಪರೇಷನ್ ಮಾಡಲಾಗದ ಕೆಲವರ ಎದೆ ನೋವು ಕಡಿಮೆ ಮಾಡಲು ಮಾತ್ರ. ಅದು "ನೈಸರ್ಗಿಕ ಬೈಪಾಸ್" ಅಲ್ಲ, ಬ್ಲಾಕೇಜನ್ನೂ ಕರಗಿಸುವುದಿಲ್ಲ.

ವಿಡಿಯೊದ ಆ ಕೈಪಟ್ಟಿಗೂ ಇದೇ ಲೆಕ್ಕ. ಮಣಿಕಟ್ಟಿಗೆ ಏನು ಕಟ್ಟಿದರೂ ಹೃದಯದ ನಾಳದ ಕೊಬ್ಬು ಕರಗುವುದಿಲ್ಲ. 18 ಸಾವಿರಕ್ಕಿಂತ ದೊಡ್ಡ ನಷ್ಟ ಆ 45 ದಿನ. ಆ ದಿನಗಳಲ್ಲಿ ಮಾತ್ರೆ ನಿಲ್ಲಿಸಿದರೆ ಏನು ಬೇಕಾದರೂ ಆಗಬಹುದು.

*11. ಊರಿನಲ್ಲಿರುವ ಅಪ್ಪ ಅಮ್ಮನಿಗಾಗಿ*

ನಾವು ಇಲ್ಲಿ, ಅವರು ಅಲ್ಲಿ. ನಮ್ಮೆಲ್ಲರ ಚಿಂತೆ ಇದೇ. ಈ ಭಾನುವಾರ ಫೋನಿನಲ್ಲಿ ಇಷ್ಟು ಮಾತಾಡಿಕೊಳ್ಳಿ:

• ಎದೆ ಬಿಗಿತ, ತೋಳು ಅಥವಾ ದವಡೆ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಉಬ್ಬಸ 15 ನಿಮಿಷ ದಾಟಿದರೆ ಮೊದಲ ಫೋನ್ ಮಕ್ಕಳಿಗಲ್ಲ, 108ಕ್ಕೆ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108 ಇದೆ. ದೆಹಲಿಯಲ್ಲಿ 102 ಅಥವಾ 112.
• ಅಲರ್ಜಿ, ರಕ್ತಸ್ರಾವ, ಹೊಟ್ಟೆಹುಣ್ಣು ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಬೇಕು. ಅವರಿಗೆ ಇದು ಆಗುತ್ತದೆಯೇ ಎಂದು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.
• ಕರ್ನಾಟಕ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಿದ್ದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಇದೂ ಒಂದು ಕಾಲದ ಪೇಟೆಂಟ್ ಔಷಧವೇ, ಈಗ ಭಾರತದಲ್ಲೇ ತಯಾರಾಗುತ್ತದೆ. ಹಳೆಯ ಔಷಧವನ್ನು ಒಂದೂವರೆ ಗಂಟೆ ಡ್ರಿಪ್ ಹಾಕಬೇಕಿತ್ತು, ಇದು ಕೆಲವೇ ಸೆಕೆಂಡಿನ ಒಂದು ಇಂಜೆಕ್ಷನ್. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ವಿಚಾರಿಸಿ.
• ರಾತ್ರಿ ಹೊತ್ತಿನಲ್ಲೂ ಆಸ್ಪತ್ರೆಗೆ ಕರೆದೊಯ್ಯಬಲ್ಲ ಪಕ್ಕದ ಮನೆಯವರ ನಂಬರ್ ನಿಮ್ಮ ಫೋನಿನಲ್ಲಿರಲಿ.
• ಕಾಯಿಲೆ, ಮಾತ್ರೆ, ಸ್ಟೆಂಟ್ ಅಥವಾ ಪೇಸ್‌ಮೇಕರ್ ವಿವರ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ, ದೇವರ ಮನೆ ಬಾಗಿಲಿಗೋ ಫ್ರಿಜ್ಜಿಗೋ ಅಂಟಿಸಿ.

ಈ ಲೇಖನವನ್ನು ನಿಮ್ಮ ಮನೆಯ ಗ್ರೂಪಿಗೆ, ಊರಿನ ಗ್ರೂಪಿಗೆ ಕಳಿಸಿ. ಓದಲು ಕಷ್ಟವಾಗುವ ಹಿರಿಯರಿಗೆ 6 ಮತ್ತು 11ನೇ ಭಾಗವನ್ನಾದರೂ ಓದಿ ಹೇಳಿ. ಮುಂದಿನ ವಾರ: ಕೊಲೆಸ್ಟರಾಲ್ ಮಾತ್ರೆ ಬಗ್ಗೆ ನೀವು ಕೇಳಿದ ಹತ್ತು ಪ್ರಶ್ನೆಗಳು.

ಆರೋಗ್ಯವಾಗಿರಿ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಪುಣೆ

(ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಚಿಕಿತ್ಸೆಯ ಬಗ್ಗೆ ನಿಮ್ಮ ವೈದ್ಯರ ಮಾತೇ ಅಂತಿಮ.)